ಅರಬರ ನಡತೆಯಲ್ಲಿ ಬುಡಕಟ್ಟಿನ ಪಾಲೆಷ್ಟು, ಧರ್ಮದ ಪಾಲೆಷ್ಟು?

ಮರಳದಾರಿ:
ದಾನಕ್ಕೆ ಹೆಸರಾದ ಹಾತಿಮ್ ತಾಯಿ ಇಸ್ಲಾಂಗಿಂತ ಹಿಂದಿನವನು. ಕೊಟ್ಟ ಮಾತಿಗೆ ಗಾದೆಯಾಗಿ ಉಳಿದ ಸಮೌಅಲ್ ಯಹೂದಿ ಕವಿ. ಅರಬರು ‘ಮುರೂಅ’ ಎನ್ನುತ್ತಿದ್ದ ಔದಾರ್ಯ, ನಿಷ್ಠೆ, ಶೌರ್ಯ ಆಗಲೇ ಇದ್ದವು. ಹಾಗಾದರೆ ಧರ್ಮ ಮನುಷ್ಯನ ನಡತೆಯಲ್ಲಿ ಬದಲಿಸಿದ್ದೇನು?

ಕಡಲತಡಿ:
ಗುಣಗಳನ್ನು ಹೊಸದಾಗಿ ತರಲಿಲ್ಲ, ಅವಕ್ಕೆ ಅಳತೆ ಹಾಕಿತು. ಹಳೆಯ ಔದಾರ್ಯಕ್ಕೆ ಮಿತಿಯಿರಲಿಲ್ಲ. ಇದ್ದ ಒಂಟೆಯನ್ನೂ ಕಡಿದು ಬಡಿಸಬೇಕು, ಕವಿ ಅದನ್ನು ಹಾಡಬೇಕು, ಕೀರ್ತಿಯೇ ಪ್ರತಿಫಲ. ಕುರ್‌ಆನ್ (2:264) ಕೊಟ್ಟದ್ದನ್ನು ಎತ್ತಿ ಆಡಿದರೆ ದಾನವೇ ವ್ಯರ್ಥ ಎಂದಿತು. 17:29 ಕೈಯನ್ನು ಕೊರಳಿಗೆ ಕಟ್ಟಿಕೊಳ್ಳಬೇಡ, ಪೂರ್ತಿ ಚಾಚಲೂ ಬೇಡ ಎನ್ನುತ್ತದೆ. ಝಕಾತ್, ಅಂದರೆ ಕಡ್ಡಾಯ ದಾನದ ಲೆಕ್ಕ ಸ್ಪಷ್ಟ: ಸುಮಾರು 85 ಗ್ರಾಂ ಚಿನ್ನದ ಬೆಲೆಯಷ್ಟು ಉಳಿತಾಯ ಒಂದು ಚಾಂದ್ರವರ್ಷ ಕೈಯಲ್ಲಿದ್ದರೆ ಅದರ 2.5 ಶೇಕಡಾ. ವರ್ಷದ ಸಂಬಳಕ್ಕಲ್ಲ, ಉಳಿದದ್ದಕ್ಕೆ. ಜನ ಎಡವುವುದು ಇಲ್ಲೇ. ಆತಿಥ್ಯಕ್ಕೂ ಹದೀಸ್ (ಪ್ರವಾದಿಯ ಮಾತುಗಳ ದಾಖಲೆ) ಮೂರು ದಿನದ ಗಡಿ ಹಾಕಿದೆ. ಆಮೇಲಿನದು ದಾನ, ಮನೆಯವರಿಗೆ ಹೊರೆಯಾಗುವಷ್ಟು ದಿನ ಅತಿಥಿ ಉಳಿಯಬಾರದು.

ಖರ್ಜೂರ:
ಮೇಲಿನದು ಸರಿ, ಆದರೆ ಸೇಡಿನ ವಿಷಯದಲ್ಲಿ ಬುಡಕಟ್ಟು ಇನ್ನೂ ಗಟ್ಟಿಯಾಗಿದೆ. ಜೋರ್ಡಾನಿನಲ್ಲಿ ಕೊಲೆ ನಡೆದರೆ ಇವತ್ತಿಗೂ ಕೊಲೆಗಾರನ ಕಡೆಯವರು ಮೊದಲು ‘ಅತ್ವ’ ಕೇಳುತ್ತಾರೆ, ಅಂದರೆ ಮೂರು ದಿನ ಮತ್ತು ಒಂದು ದಿನದ ಮೂರನೇ ಒಂದು ಭಾಗದ ಕದನವಿರಾಮ. ರಕ್ತ ಕುದಿಯುವ ಆ ಹೊತ್ತಿನಲ್ಲಿ ಯಾರೂ ಕೈಯೆತ್ತುವಂತಿಲ್ಲ. ಆಮೇಲೆ ಹಿರಿಯರ ತಂಡ, ‘ಜಾಹ’, ಸತ್ತವರ ಕಡೆಗೆ ಹೋಗುತ್ತದೆ. ಕಾಫಿ ಬಂದರೂ ಮುಟ್ಟುವುದಿಲ್ಲ. ಬೇಡಿಕೆಗೆ ಒಪ್ಪಿಗೆ ಸಿಕ್ಕ ಮೇಲೆಯೇ ಕುಡಿಯುವುದು. ಕರಕ್, ಮಾದಬಾದ ಕ್ರೈಸ್ತ ಬುಡಕಟ್ಟುಗಳಲ್ಲೂ ಇದೇ ಪದ್ಧತಿ. ಆ ತಂಡದ ಮಾತಿನಲ್ಲಿ ಮಾತ್ರ ಧರ್ಮ ತುಂಬಿರುತ್ತದೆ: ಕ್ಷಮಿಸಿದವನಿಗೆ ದೇವರಲ್ಲಿ ಪ್ರತಿಫಲ ಎಂದೇ ಕೇಳುತ್ತಾರೆ. ಬರೀ ಮಾನದ ಲೆಕ್ಕದಲ್ಲಿ ಕ್ಷಮೆ ಎಂದರೆ ದೌರ್ಬಲ್ಯ. ಅದು ಹಿರಿತನವಾಗಿ ಕಾಣುವುದು ಈ ಮಾತಿನಿಂದಲೇ.

ಧರ್ಮ ಸೋತ ಜಾಗವೂ ಇಲ್ಲೇ ಇದೆ. ‘ಜಲ್ವ’ ಪದ್ಧತಿಯಲ್ಲಿ ಕೊಲೆಗಾರನ ಬಂಧುಗಳು ಊರು ಬಿಡಬೇಕು. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎಂದು ಕುರ್‌ಆನ್ (6:164) ನೇರವಾಗಿ ಹೇಳುತ್ತದೆ. ತಪ್ಪೇ ಮಾಡದ ಮಕ್ಕಳು ಶಾಲೆ ಬಿಟ್ಟು ಹೋಗುವುದು ಯಾವ ನ್ಯಾಯ?

ಮರಳದಾರಿ:
ಮಾತಿನ ನಿಷ್ಠೆ? ಮಾತು ಮಾತಿಗೂ ‘ವಲ್ಲಾಹಿ’ (ದೇವರಾಣೆ) ಎನ್ನುತ್ತಾರಲ್ಲ, ಅದೆಲ್ಲ ಆಣೆಯೇ?

ಕಡಲತಡಿ:
ಅಲ್ಲ. ರೂಢಿಯಿಂದ ಬಾಯಿಗೆ ಬಂದದ್ದಕ್ಕೆ ಹೊಣೆಯಿಲ್ಲ, ಮನಸ್ಸಿಟ್ಟು ಮಾಡಿದ ಆಣೆಗೆ ಇದೆ (ಕುರ್‌ಆನ್ 5:89). ಮುರಿದರೆ ಪರಿಹಾರ ಹತ್ತು ಬಡವರಿಗೆ ಊಟ, ನಿಮ್ಮ ಮನೆಯವರು ಸಾಮಾನ್ಯವಾಗಿ ಉಣ್ಣುವ ಮಟ್ಟದ್ದು. ಇಲ್ಲವೇ ಹತ್ತು ಜನಕ್ಕೆ ಬಟ್ಟೆ. ಗುಲಾಮನ ಬಿಡುಗಡೆಯೂ ಆ ಪಟ್ಟಿಯಲ್ಲಿತ್ತು. ಇವು ಯಾವುವೂ ಆಗದವನಿಗೆ ಮಾತ್ರ ಮೂರು ದಿನದ ಉಪವಾಸ. ಹಣವಿದ್ದವರು ನೇರ ಉಪವಾಸಕ್ಕೆ ಹಾರುವುದು ತೀರಾ ಸಾಮಾನ್ಯ, ಆದರೆ ಅದರಿಂದ ಆಣೆಯ ಋಣ ತೀರುವುದಿಲ್ಲ.