ಪದಚರ್ಚೆ: ಬಿಲ್ಡ್ ಮಾಡುವಾಗಿನ ‘ಎನೇಬಲ್’ಗೂ ಓಡುವಾಗಿನ ‘ಎನೇಬಲ್’ಗೂ ಒಂದೇ ಪದ ಸಾಕೇ?

ಬಲ್ಲವರಲ್ಲಿ ಒಂದು ಪ್ರಶ್ನೆ.

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಮಾಪಕ ನೋಡಿಕೊಳ್ಳುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಇಲ್ಲಿನ ತೋಟದವರ ಮಳೆಲೆಕ್ಕ ಇಂದಿಗೂ ಇಂಚು, ಸೆಂಟಿನಲ್ಲೇ. ನೂರು ಸೆಂಟಿಗೆ ಒಂದು ಇಂಚು. ನಮ್ಮ ಮಾಪಕದ ಬಟ್ಟಲು ಒಂದು ಸಲ ಮಗುಚಿದರೆ ಒಂದು ಸೆಂಟ್, ಅಂದರೆ 0.254 ಮಿಲಿಮೀಟರ್. ಅದನ್ನು ಎಣಿಸುವ ಚಿಪ್ಪಿನಲ್ಲಿ ಓಡುವುದು ಜೆಫೈರ್, ಲಿನಕ್ಸ್ ಫೌಂಡೇಶನ್ 2016ರಲ್ಲಿ ಪ್ರಕಟಿಸಿದ ಮುಕ್ತ ಕಾರ್ಯಾಚರಣಾ ವ್ಯವಸ್ಥೆ. ಲ್ಯಾಪ್‌ಟಾಪ್‌ನಿಂದ ಕಮಾಂಡ್ ಟೈಪಿಸಿ ಚಿಪ್ಪಿನ ಒಳಗನ್ನು ಪರೀಕ್ಷಿಸುವ ಅದರ ಡೀಬಗ್ ಶೆಲ್ ಅಧ್ಯಾಯದಲ್ಲಿ ಪೆನ್ನು ನಿಂತಿದೆ.

‘ಎನೇಬಲ್’ ಎಂಬ ಮಾತು ಅಲ್ಲಿ ಎರಡು ಕಡೆ ಬರುತ್ತದೆ. ಮೊದಲನೆಯದು ಪ್ರಾಜೆಕ್ಟಿನ ಕಾನ್ಫಿಗ್ ಕಡತದಲ್ಲಿ. ಶೆಲ್ ಆಯ್ಕೆಗೆ ‘ವೈ’ ಎಂದು ಬರೆದು ಬಿಲ್ಡ್ ಮಾಡಿದರೆ, ಅಂದರೆ ಕೋಡನ್ನು ಚಿಪ್ಪಿನಲ್ಲಿ ಓಡುವ ರೂಪಕ್ಕೆ ತಂದರೆ ಮಾತ್ರ ಶೆಲ್‌ನ ಕೋಡ್ ಚಿಪ್ಪಿಗೆ ಹೋಗುತ್ತದೆ. ಯಾವ ಥ್ರೆಡ್ (ಚಿಪ್ಪಿನಲ್ಲಿ ಜೊತೆಜೊತೆಗೆ ನಡೆಯುವ ಕೆಲಸಗಳಲ್ಲಿ ಒಂದು) ಎಷ್ಟು ಸ್ಟ್ಯಾಕ್ (ಅದಕ್ಕೆಂದು ಮೀಸಲಿಟ್ಟ ಮೆಮೊರಿ) ಬಳಸಿದೆ ಎಂದು ತೋರಿಸುವ ಕಮಾಂಡ್ ಬೇಕಿದ್ದರೆ ಥ್ರೆಡ್ ಮಾನಿಟರ್, ಥ್ರೆಡ್ ಸ್ಟ್ಯಾಕ್ ಇನ್ಫೊ, ಇನಿಟ್ ಸ್ಟ್ಯಾಕ್ಸ್ ಆಯ್ಕೆಗಳೂ ಬೇಕು. ಕೊನೆಯದು ಸ್ಟ್ಯಾಕಿನ ಉದ್ದಕ್ಕೂ ಹೆಕ್ಸ್ ‘ಎಎ’ ಎಂಬ ಗುರುತಿನ ಬೈಟನ್ನು ಮೊದಲೇ ತುಂಬಿಸಿಡುತ್ತದೆ. ಅಳಿಯದೆ ಉಳಿದವನ್ನು ಎಣಿಸಿ, ಇನ್ನೆಷ್ಟು ಜಾಗವಿದೆ ಎಂದು ಶೆಲ್ ಹೇಳುತ್ತದೆ. ಮೂರರಲ್ಲಿ ಒಂದನ್ನು ಬಿಟ್ಟರೂ ಆ ಕಮಾಂಡ್ ಚಿಪ್ಪಿನಲ್ಲಿ ಇರುವುದೇ ಇಲ್ಲ.

ಎರಡನೆಯದು ಓಡುತ್ತಿರುವಾಗ. ರನ್‌ಟೈಮ್ ಫಿಲ್ಟರಿಂಗ್ (ಯಾವ ಲಾಗ್, ಅಂದರೆ ಕೆಲಸದ ದಾಖಲೆ, ಬೇಕೆಂದು ಓಡುವಾಗಲೇ ಆರಿಸುವ ಸೌಲಭ್ಯ) ಇರುವ ಬಿಲ್ಡ್‌ನಲ್ಲಿ ‘ಲಾಗ್ ಎನೇಬಲ್ ಡಿಬಿಜಿ’ ಎಂದು ಟೈಪಿಸಿ ಮಾಡ್ಯೂಲಿನ (ತಂತ್ರಾಂಶದ ಒಂದು ಭಾಗದ) ಹೆಸರು ಕೊಟ್ಟರೆ ವಿವರವಾದ ಲಾಗ್ ಬರತೊಡಗುತ್ತದೆ, ಡಿಸೇಬಲ್ ಎಂದರೆ ನಿಲ್ಲುತ್ತದೆ. ಅದೂ ಆ ಮಟ್ಟದ ಲಾಗ್ ಬಿಲ್ಡ್‌ನಲ್ಲಿ ಇದ್ದರೆ ಮಾತ್ರ.

ಎರಡಕ್ಕೂ ‘ಸಕ್ರಿಯಗೊಳಿಸು’ ಎಂದು ಬರೆಯುವ ರೂಢಿ ಬಂದುಬಿಟ್ಟಿದೆ. ಎರಡನೆಯದಕ್ಕೆ ನನ್ನ ತಕರಾರಿಲ್ಲ. ಮೊದಲನೆಯದಕ್ಕೆ ಹಾಗೆನ್ನುವುದು ಕರೆಂಟ್ ಲೈನೇ ಎಳೆಯದ ಮನೆಯಲ್ಲಿ ಸ್ವಿಚ್ ಹಾಕು ಎಂದಂತೆ. ಭಾಗಮಂಡಲದ ಕಡೆಯ ಜುಲೈ ಮಳೆಯಲ್ಲಿ, ಜಿಗಣೆ ಕಿತ್ತೆಸೆಯುತ್ತಾ ಮಾಪಕದ ಬುಡಕ್ಕೆ ಹೋದ ಹುಡುಗ, ಲ್ಯಾಪ್‌ಟಾಪ್ ಜೋಡಿಸಿಕೊಂಡು ಇಲ್ಲದ ಕಮಾಂಡನ್ನು ಹುಡುಕುತ್ತಾ ಕೂರಬಾರದು. ಇದು ವಿರಾಜಪೇಟೆಯಿಂದ ಹೊರಡುವ ಮೊದಲೇ ಮುಗಿಸಬೇಕಾದ ಕೆಲಸ ಎಂಬುದು ಓದಿದ ಕೂಡಲೇ ಅವನಿಗೆ ಹೊಳೆಯಬೇಕು.

ನನ್ನ ಒಲವು ಹೀಗಿದೆ: ಬಿಲ್ಡ್‌ಗೆ ‘ಸೇರಿಸು, ಕೈಬಿಡು’, ಓಡುವಾಗ ‘ಚಾಲೂ ಮಾಡು, ನಿಲ್ಲಿಸು’. ‘ಕೈಬಿಡು’ ಚೆನ್ನಾಗಿ ಕೂರುತ್ತದೆ. ‘ಸೇರಿಸು’ ಬಗ್ಗೆ ಅಳುಕಿದೆ, ಏಕೆಂದರೆ ನಾವೇ ಹೊಸ ಕಮಾಂಡ್ ಬರೆದು ನೋಂದಾಯಿಸುವುದಕ್ಕೂ ಅದೇ ಮಾತು ಬರುತ್ತದೆ. ‘ಅಡಕಗೊಳಿಸು’ ಎಂದರೆ ಒತ್ತಿ ಚಿಕ್ಕದು ಮಾಡಿದ ಅರ್ಥ ಹೊರಡುತ್ತದೆ. ಹುಡುಗರ ಬಾಯಲ್ಲಿರುವುದು ‘ಬಿಲ್ಡ್‌ಗೆ ಹಾಕು’. ಕಿವಿಗೆ ಹಿತ, ಆದರೆ ಆಯ್ಕೆಗಳ ಪಟ್ಟಿಗೆ ನಾಮಪದ ಬೇಕು. ‘ಸೇರಿಸು’ಗೆ ‘ಸೇರ್ಪಡೆ’ ಇದೆ, ‘ಹಾಕು’ಗೆ ಅಂಥದ್ದು ನನಗೆ ಸಿಕ್ಕಿಲ್ಲ.

ತಂತ್ರಾಂಶದ ಕೈಪಿಡಿ ಬರೆದವರು ಈ ಮೊದಲನೆಯ ‘ಎನೇಬಲ್’ಗೆ ಏನು ಬಳಸಿದ್ದೀರಿ? ಪದವೊಂದನ್ನೇ ಕೊಡದೆ, ಒಂದು ವಾಕ್ಯದಲ್ಲಿಟ್ಟು ತೋರಿಸಿದರೆ ಉಪಕಾರವಾಗುತ್ತದೆ.