ನೈಫ್ ಎಡ್ಜ್ ಮತ್ತು ಹೋವರ್ ಕಲಿಯುವ ಬಗೆ: ನಮ್ಮ ಜಿಲ್ಲೆಯ ಮಾದರಿ ವಿಮಾನ ಹವ್ಯಾಸಿಗಳ ಅನುಭವಗಳು

ಪ್ರಶ್ನೆ, ಕುಮಟಾದಿಂದ

ಒಂದು ವರ್ಷದಿಂದ ರೇಡಿಯೋ ನಿಯಂತ್ರಿತ ವಿಮಾನ ಹಾರಿಸುತ್ತಿದ್ದೇನೆ. ಲೂಪ್, ರೋಲ್ ಮತ್ತು ತಲೆಕೆಳಗಾದ ಹಾರಾಟ ತಕ್ಕಮಟ್ಟಿಗೆ ಕೈಗೆ ಬಂದಿವೆ. ಆದರೆ ನೈಫ್ ಎಡ್ಜ್‌ನಲ್ಲಿ, ಅಂದರೆ ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿ ಹಾರಿಸುವಾಗ, ವಿಮಾನ ಚಕ್ರದ ಕಡೆಗೆ ಬಾಗುತ್ತದೆ. ಹೋವರ್, ಅಂದರೆ ಮೂತಿ ಮೇಲಾಗಿಸಿ ವಿಮಾನವನ್ನು ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸುವುದು, ಮಾಡಹೋಗಿ ಒಂದು ಮೀಟರ್ ರೆಕ್ಕೆಯ ಎರಡು ಫೋಮ್ ವಿಮಾನಗಳನ್ನು ಮುರಿದುಕೊಂಡಿದ್ದೇನೆ. ಜೈರೋ (ವಿಮಾನದ ಅಲುಗಾಟವನ್ನು ತಾನಾಗಿ ತಿದ್ದುವ ಸಾಧನ) ಅಳವಡಿಸಬೇಕೇ, ದೊಡ್ಡ ವಿಮಾನ ಕೊಳ್ಳಬೇಕೇ, ಕಡಲತೀರದಲ್ಲಿ ಅಭ್ಯಾಸ ಮಾಡಬಹುದೇ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಶಿರಸಿಯಿಂದ

ಜೈರೋ ಮತ್ತು ದೊಡ್ಡ ವಿಮಾನದ ವಿಚಾರವನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಎರಡು ತೊಂದರೆಗಳಲ್ಲಿ ಮೊದಲನೆಯದು ವಿಮಾನದ ಹೊಂದಾಣಿಕೆಗೆ ಸೇರಿದ್ದು, ಎರಡನೆಯದು ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಮತ್ತು ಥ್ರಾಟಲ್ (ಮೋಟಾರಿನ ವೇಗ) ನಡೆಸುವ ನಿಮ್ಮ ಎಡಗೈಗೆ ಸೇರಿದ್ದು.

ಗುರುತ್ವ ಕೇಂದ್ರವನ್ನು ಕೈಪಿಡಿಯ ಗುರುತಿನಿಂದ ಆರಂಭಿಸಿದರೂ, ಸರಿಯಾದ ಜಾಗವನ್ನು ಹಾರಿಸಿಯೇ ಕಂಡುಕೊಳ್ಳಬೇಕು. ಸಾಕಷ್ಟು ಎತ್ತರದಲ್ಲಿ ಮೂತಿಯನ್ನು 45 ಡಿಗ್ರಿ ಮೇಲೆತ್ತಿ, ಅರ್ಧ ರೋಲ್‌ನಿಂದ ವಿಮಾನವನ್ನು ಮಗುಚಿ, ಎಲಿವೇಟರ್ (ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ) ಸ್ಟಿಕ್ಕನ್ನು ಬಿಟ್ಟುಬಿಡಿ. ವಿಮಾನ ಕೆಲಹೊತ್ತು ಅದೇ ಗೆರೆಯಲ್ಲಿ ಸಾಗಿ ನಿಧಾನವಾಗಿ ನೆಲದತ್ತ ಬಾಗಿದರೆ ಸರಿಯಿದೆ. ಕೂಡಲೇ ಬಾಗಿದರೆ ಮೂತಿ ಭಾರವಾಗಿದೆ. ಇನ್ನಷ್ಟು ಮೇಲಕ್ಕೇ ಎದ್ದರೆ ಬಾಲ ಭಾರವಾಗಿದೆ. ನಿಮ್ಮದು ಮೂತಿ ಭಾರವಿರಬೇಕೆಂದು ನನ್ನ ಊಹೆ. ಬ್ಯಾಟರಿಯನ್ನು ಒಂದು ಸಲಕ್ಕೆ ಮೂರು ನಾಲ್ಕು ಮಿಲಿಮೀಟರ್ ಮಾತ್ರ ಹಿಂದಕ್ಕೆ ಸರಿಸಿ, ಪ್ರತಿ ಸಲವೂ ಇದೇ ಪರೀಕ್ಷೆಯನ್ನು ಮಾಡಿ. ಆಮೇಲೂ ಚಕ್ರದ ಕಡೆಗಿನ ಬಾಗು ಉಳಿದರೆ ಮಾತ್ರ ಟ್ರಾನ್ಸ್‌ಮಿಟರ್‌ನಲ್ಲಿ ರಡ್ಡರ್ ಜೊತೆಗೆ ಅಲ್ಪ ಪ್ರಮಾಣದ ಮೇಲ್ಮುಖ ಎಲಿವೇಟರ್ ಬೆರೆಯುವಂತೆ ಮಿಕ್ಸ್ ಹಾಕಿ. ಗುರುತ್ವ ಕೇಂದ್ರ ಸರಿಪಡಿಸದೆ ಮಿಕ್ಸ್ ಹಾಕುವುದು ಜ್ವರದ ಕಾರಣ ಹುಡುಕದೆ ಹಣೆಗೆ ಒದ್ದೆ ಬಟ್ಟೆ ಹಾಕಿದಂತೆ.

ಎಡಗೈಯನ್ನು ಪಳಗಿಸಲು ನಿಧಾನ ರೋಲ್‌ಗಿಂತ ಉತ್ತಮ ಅಭ್ಯಾಸ ನನಗೆ ತಿಳಿದಿಲ್ಲ. ಒಂದು ರೋಲ್‌ಗೆ ಐದಾರು ಸೆಕೆಂಡು ಹಿಡಿಯುವಂತೆ ಬಲಕ್ಕೆ ಉರುಳಿಸಿ ನೋಡಿ: ಮೊದಲ ಕಾಲು ಸುತ್ತಿನಲ್ಲಿ ಎಡ ರಡ್ಡರ್ ಮೂತಿಯನ್ನು ಎತ್ತಿ ಹಿಡಿಯಬೇಕು, ಮಗುಚಿದಾಗ ಎಲಿವೇಟರ್ ಸ್ಟಿಕ್ಕನ್ನು ಮುಂದಕ್ಕೆ ಒತ್ತಬೇಕು, ಮುಕ್ಕಾಲು ಸುತ್ತಿನಲ್ಲಿ ಬಲ ರಡ್ಡರ್ ಬೇಕು. ಒಂದರಿಂದ ಇನ್ನೊಂದಕ್ಕೆ ಜಾರುವ ಆ ಸಂಧಿಕಾಲದಲ್ಲಿಯೇ ಎಲ್ಲರೂ ಎಡವುತ್ತಾರೆ. ನಾನು ಒಂದು ಚಳಿಗಾಲವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟೆ. ನಂತರ ನೈಫ್ ಎಡ್ಜ್ ಪ್ರತ್ಯೇಕವಾಗಿ ಕಲಿಯಬೇಕಾದ ವಿದ್ಯೆ ಎನಿಸಲೇ ಇಲ್ಲ.

ಎಕ್ಸ್‌ಪೋ ಬಗ್ಗೆ, ಅಂದರೆ ಸ್ಟಿಕ್ಕಿನ ನಡುಭಾಗದ ಚುರುಕನ್ನು ಬದಲಿಸುವ ಹೊಂದಾಣಿಕೆಯ ಬಗ್ಗೆ, ಒಂದು ಎಚ್ಚರಿಕೆ. ಎಲಿವೇಟರ್ 45 ಡಿಗ್ರಿಯಷ್ಟು ತಿರುಗುವಂತೆ ಇಟ್ಟುಕೊಂಡಾಗ, ಸ್ಟಿಕ್ಕಿನ ನಡುಭಾಗ ಮೃದುವಾಗಿರಲು ಶೇ 50ರ ಆಸುಪಾಸಿನ ಎಕ್ಸ್‌ಪೋ ಬೇಕಾಗುತ್ತದೆ. ಆದರೆ ಟ್ರಾನ್ಸ್‌ಮಿಟರ್ ಕಂಪನಿಗಳಲ್ಲಿ ಫುಟಾಬಾದಲ್ಲಿ ಮೃದುಗೊಳಿಸುವುದು ಮೈನಸ್ ಅಂಕಿ, ಸ್ಪೆಕ್ಟ್ರಮ್‌ನಲ್ಲಿ ಪ್ಲಸ್ ಅಂಕಿ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದ ದಿನ ಹಳೆಯ ಅಂಕಿಗಳನ್ನೇ ಕುರುಡಾಗಿ ತುಂಬಿದ ನಾನು, ಬೇಣದಿಂದ (ಹುಲ್ಲುಗಾವಲಿನಿಂದ) ಏರಿದ ವಿಮಾನವನ್ನು ನೇರವಾಗಿ ಕೆಳಗಿನ ಅಡಿಕೆ ತೋಟಕ್ಕೆ ನುಗ್ಗಿಸಿದೆ. ಮರದ ತುದಿಯಲ್ಲಿ ಸಿಕ್ಕಿಕೊಂಡಿದ್ದ ಅದನ್ನು ಅಡಿಕೆ ಕೊಯ್ಯುವ ಕೊನೆಗೌಡರು ಫೈಬರ್ ದೋಟಿಯಿಂದ ಇಳಿಸಿಕೊಟ್ಟರು. ಆ ಕೊಯ್ಲಿನ ಲೆಕ್ಕವನ್ನು ನಮ್ಮ ಮನೆಯವರು ಇಂದಿಗೂ ಮರೆತಿಲ್ಲ.

ಕಾರವಾರದಿಂದ

ಮೇಲಿನವರು ವಿಮಾನದ ವಿಚಾರವನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಜಾಗದ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮೂರಿನ ಪಕ್ಕದಲ್ಲಿಯೇ ಐಎನ್ಎಸ್ ಕದಂಬ ನೌಕಾನೆಲೆ ಇರುವುದರಿಂದ ಇಲ್ಲಿ ಮನಬಂದಲ್ಲಿ ಹಾರಿಸುವಂತಿಲ್ಲ. ಕುಮಟಾದಲ್ಲಿಯೂ 2021ರ ಡ್ರೋನ್ ನಿಯಮಗಳ ಪ್ರಕಾರ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಜಾಗ ಕೆಂಪು, ಹಳದಿ, ಹಸಿರು ವಲಯಗಳಲ್ಲಿ ಯಾವುದರಲ್ಲಿದೆ ಎಂದು ಮೊದಲೇ ನೋಡಿಕೊಂಡು, ಸ್ಥಳೀಯ ಠಾಣೆಗೂ ಒಂದು ಮಾತು ತಿಳಿಸಿ.

ಕಡಲತೀರವನ್ನು ನಾನು ಶಿಫಾರಸು ಮಾಡುವುದಿಲ್ಲ. ಬೆಳಿಗ್ಗೆ ನೆಲದ ಕಡೆಯಿಂದ ಬೀಸುವ ಮಂದಗಾಳಿ ಹೊತ್ತೇರಿದಂತೆ ನಿಂತು, ಮಧ್ಯಾಹ್ನದ ವೇಳೆಗೆ ಕಡಲಗಾಳಿ ಬಲಗೊಳ್ಳುತ್ತದೆ. ನೀವು ಸಮುದ್ರಕ್ಕೆ ಮುಖ ಮಾಡಿ ನಿಂತಿದ್ದರೆ ಹೋವರ್‌ನಲ್ಲಿರುವ ವಿಮಾನವನ್ನು ಆ ಗಾಳಿ ನಿಮ್ಮ ಮೇಲೆ, ನಿಮ್ಮ ಹಿಂದೆ ನಿಂತ ಜನರ ಮೇಲೆ ತಳ್ಳುತ್ತದೆ. ಸಂಜೆಯಾದರೆ ಸೂರ್ಯನೂ ಅದೇ ದಿಕ್ಕಿನಲ್ಲಿ ಕಣ್ಣು ಕುಕ್ಕುತ್ತಾನೆ. ಇನ್ನು ಮರಳು ಸರ್ವೋಗಳ (ಬಾಲ, ರೆಕ್ಕೆಗಳ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟಾರುಗಳ) ಹಲ್ಲುಗಳಿಗೆ ಸೇರುತ್ತದೆ, ಉಪ್ಪು ಮೋಟಾರಿನ ಬೇರಿಂಗನ್ನು ತಿನ್ನುತ್ತದೆ. ಅಘನಾಶಿನಿ ದಂಡೆಯ ಗಜನಿಗಳು (ಉಪ್ಪುನೀರಿನ ಗದ್ದೆಗಳು) ನೋಡಲು ವಿಶಾಲವಾಗಿದ್ದರೂ, ಭತ್ತದ ಕೊಯ್ಲಿನ ನಂತರ ಸಿಗಡಿಗಾಗಿ ಉಪ್ಪುನೀರು ಬಿಡುವ ಕಡೆ ವಿಮಾನ ಬಿದ್ದರೆ ಬ್ಯಾಟರಿ ಸಮೇತ ಹೋಯಿತೆಂದೇ ಲೆಕ್ಕ. ಒಳನಾಡಿನ ಕಡೆಗೆ ಕೊಯ್ಲಾಗಿ ಒಣಗಿದ ಗದ್ದೆ ಬಯಲನ್ನು ಹುಡುಕಿ, ಮಾಲೀಕರ ಒಪ್ಪಿಗೆ ಪಡೆದು, ಗಾಳಿ ನಿಮ್ಮ ಎಡದಿಂದಲೋ ಬಲದಿಂದಲೋ ಬೀಸುವಂತೆ ನಿಂತುಕೊಳ್ಳಿ. ಡಿಸೆಂಬರ್, ಜನವರಿಯ ಬೆಳಗಿನ ಏಳರಿಂದ ಒಂಬತ್ತರ ಹೊತ್ತು ಇದಕ್ಕೆ ಹೇಳಿ ಮಾಡಿಸಿದಂಥದ್ದು.

ಹೊನ್ನಾವರದಿಂದ

ಹೋವರ್ ಬಗ್ಗೆ ಇನ್ನೂ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮೊದಲ ತಪ್ಪನ್ನು ತಿದ್ದಲು ಹೋಗಿ ಎರಡನೆಯ ತಪ್ಪು ಮಾಡಿದರೂ ನೆಲ ತಾಗದಷ್ಟು ಎತ್ತರದಲ್ಲಿ ಆರಂಭಿಸಿ. ವಿಮಾನದ ಬೆನ್ನು ನಿಮ್ಮ ಕಡೆಗಿರಲಿ. ಆಗ ರಡ್ಡರ್ ಸ್ಟಿಕ್ಕು ಯಾವ ದಿಕ್ಕಿಗೋ ಮೂತಿಯೂ ಅದೇ ದಿಕ್ಕಿಗೆ. ಪ್ರೊಪೆಲ್ಲರ್ ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುವುದರಿಂದ ವಿಮಾನ ತಾನಾಗಿ ಎಡಕ್ಕೆ ಉರುಳತೊಡಗುತ್ತದೆ. ಅದನ್ನು ಏಲಿರಾನ್ (ವಿಮಾನವನ್ನು ಉರುಳಿಸುವ ರೆಕ್ಕೆಯಂಚಿನ ಪಟ್ಟಿ) ಸ್ಟಿಕ್ಕನ್ನು ಬಲಕ್ಕೆ ಕೊಟ್ಟು ತಡೆಯಿರಿ. ತಡೆಯಲಾಗದೆ ಹೊಟ್ಟೆ ನಿಮ್ಮ ಕಡೆಗೆ ತಿರುಗಿತೆಂದರೆ, ಮೂತಿ ಯಾವ ಕಡೆ ವಾಲುತ್ತದೆಯೋ ಆ ಕಡೆಗೇ ರಡ್ಡರ್ ಕೊಡಿ. ಈ ಒಂದು ವಾಕ್ಯವನ್ನು ಸಿಮ್ಯುಲೇಟರ್‌ನಲ್ಲಿ ನೂರು ಸಲ ಮಾಡಿ ನೋಡಿದ ಮೇಲೆ ಬಯಲಿಗೆ ಬನ್ನಿ.

ಥ್ರಾಟಲ್ಲನ್ನು ಒಂದೇ ಕಡೆ ಹಿಡಿದಿಡಬೇಡಿ. ಸಣ್ಣ ಸಣ್ಣದಾಗಿ ಏರಿಳಿಸುತ್ತಿರಿ. ಗಾಬರಿಯಾದಾಗ ಥ್ರಾಟಲ್ ಇಳಿಸುವುದೇ ನಮ್ಮೆಲ್ಲರ ಸಹಜ ಪ್ರವೃತ್ತಿ, ವಿಮಾನ ಮುರಿಯುವುದೂ ಅದರಿಂದಲೇ. ಮೂತಿ ಇನ್ನೂ ಮೇಲಿದ್ದಾಗಲೇ ಪೂರ್ತಿ ಥ್ರಾಟಲ್ ಕೊಟ್ಟು ಮೇಲಕ್ಕೆ ತಪ್ಪಿಸಿಕೊಳ್ಳಬೇಕು. ಹಾಗೆ ತಪ್ಪಿಸಿಕೊಳ್ಳಲು ವಿಮಾನದ ತೂಕದ ಒಂದೂವರೆ ಪಟ್ಟಾದರೂ ಎಳೆತ ಇರಬೇಕಾಗುತ್ತದೆ. ಲಿಪೋ ಬ್ಯಾಟರಿ ಇಳಿದಂತೆ ಅದೂ ಇಳಿಯುವುದರಿಂದ ಹೋವರ್ ಅಭ್ಯಾಸವನ್ನು ಹಾರಾಟದ ಮೊದಲ ಅರ್ಧದಲ್ಲಿಯೇ ಮುಗಿಸಿ.

ಜೈರೋ ವಿಷಯದಲ್ಲಿ ಶಿರಸಿಯವರೊಂದಿಗೆ ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಘಟ್ಟದ ಮೇಲಿನ ಶಾಂತ ಬೆಳಗಿನಲ್ಲಿ ಅದು ಬೇಡದಿರಬಹುದು. ನಮ್ಮ ಕರಾವಳಿಯ ಗಾಳಿಯಲ್ಲಿ ಕಡಿಮೆ ಗೇನ್‌ನ (ತಿದ್ದುವ ತೀವ್ರತೆಯ) ಜೈರೋ ಸಹಾಯಕವೇ. ಗೇನ್ ಹೆಚ್ಚಾದರೆ ವೇಗದ ಹಾರಾಟದಲ್ಲಿ ಬಾಲ ನಡುಗತೊಡಗುತ್ತದೆ, ಅದು ಕಂಡ ತಕ್ಷಣ ಕಡಿಮೆ ಮಾಡಿ. ಜೈರೋವನ್ನು ಬಂದ್ ಮಾಡಲು ಟ್ರಾನ್ಸ್‌ಮಿಟರ್‌ನಲ್ಲಿ ಒಂದು ಸ್ವಿಚ್ ಇಟ್ಟುಕೊಂಡು, ಪ್ರತಿ ಹಾರಾಟದಲ್ಲಿ ಎರಡು ನಿಮಿಷವಾದರೂ ಅದಿಲ್ಲದೆ ಹಾರಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಬ್ಯಾಟರಿಯನ್ನು ಒಟ್ಟು ಎಂಟು ಮಿಲಿಮೀಟರ್ ಹಿಂದಕ್ಕೆ ಸರಿಸಿದ ಮೇಲೆ ಬಲ ರಡ್ಡರ್‌ನ ನೈಫ್ ಎಡ್ಜ್ ಬಹುತೇಕ ನೇರವಾಗಿದೆ; ಎಡ ರಡ್ಡರ್‌ನಲ್ಲಿ ಮಾತ್ರ ಅಲ್ಪ ಬಾಗು ಉಳಿದಿದೆ.

ಶಿರಸಿಯಿಂದ

ಹಾಗಿದ್ದರೆ ಬ್ಯಾಟರಿಯನ್ನು ಇನ್ನು ಮುಟ್ಟಬೇಡಿ. ಮಿಕ್ಸ್‌ನಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಂಕಿ ಕೊಡಲು ಅವಕಾಶವಿರುತ್ತದೆ. ಬಲಕ್ಕೆ ಸೊನ್ನೆ ಇಟ್ಟು, ಎಡಕ್ಕೆ ಶೇ 3ರಿಂದ ಆರಂಭಿಸಿ.