ಸ್ಕಾಟ್ಲೆಂಡಿನ ಫುಟ್ಬಾಲ್ ಗ್ಯಾಲರಿಯಲ್ಲಿ ಸ್ವಾತಂತ್ರ್ಯ, ತೆರಿಗೆ ಅಂತ ಯಾಕಿಷ್ಟು ಜಗಳ?

ಹೊಸಬ_ಎಡಿನ್‌ಬರೊ

ಕೆಲಸದ ಮೇಲೆ ಎಡಿನ್‌ಬರೊಗೆ ಬಂದಿದ್ದೇನೆ. ಆಫೀಸಿನ ಇಬ್ಬರು ಹಾರ್ಟ್ಸ್ ಕ್ಲಬ್‌ನ ಕಟ್ಟಾ ಅಭಿಮಾನಿಗಳು, ಬಿಡದೆ ಟೈನ್‌ಕಾಸಲ್ ಮೈದಾನಕ್ಕೆ ಎಳೆದುಕೊಂಡು ಹೋದರು. ಹಾಫ್ ಟೈಮ್‌ನಲ್ಲಿ ಇಬ್ಬರ ಕೈಯಲ್ಲೂ ಬಿಸಿ ಪೈ, ಇಬ್ಬರ ಕತ್ತಿನಲ್ಲೂ ಮರೂನ್ ಸ್ಕಾರ್ಫ್, ಬಾಯಲ್ಲಿ ಮಾತ್ರ ಆದಾಯ ತೆರಿಗೆ! ಒಬ್ಬ 2014ರ ಜನಮತದಲ್ಲಿ ಸ್ವತಂತ್ರ ದೇಶ ಬೇಕು ಅಂತ ಯೆಸ್ ಹಾಕಿದವನು, ಇನ್ನೊಬ್ಬ ನೋ. ಮಜಾ ಏನಂದ್ರೆ ಯೆಸ್ ಹಾಕಿದವನೇ ಎಡಿನ್‌ಬರೊದಲ್ಲಿರುವ ಸ್ಕಾಟ್ಲೆಂಡ್ ಸರ್ಕಾರ ತೆರಿಗೆ ಜಾಸ್ತಿ ಹಾಕುತ್ತದೆ ಅಂತ ಬೈಯುತ್ತಿದ್ದ. ನೋ ಹಾಕಿದವನು ಮಗಳ ಕಾಲೇಜು ಫೀಸು ಉಳಿಯಿತಲ್ಲ, ಕೊಟ್ಟರೇನಂತೆ ಅನ್ನುತ್ತಿದ್ದ. ನನಗಂತೂ ತಲೆಬುಡ ತಿಳಿಯಲಿಲ್ಲ.

ಫುಟ್ಬಾಲಿಗೂ ಸ್ವಾತಂತ್ರ್ಯದ ಮಾತಿಗೂ ನಿಜವಾಗಿ ಸಂಬಂಧ ಇದೆಯಾ, ಅಥವಾ ಹತ್ತು ಜನ ಸೇರಿದ ಕಡೆ ರಾಜಕೀಯ ಬಂದೇ ಬರುತ್ತದೆ ಅಷ್ಟೇನಾ? ಒಂದೇ ದೇಶದೊಳಗೆ ತೆರಿಗೆ ಬೇರೆ ಬೇರೆ ಹೇಗೆ? ಯಾವ ಕ್ಲಬ್ ಅಂತ ಗೊತ್ತಾದರೆ ಯಾವ ಪಕ್ಷ ಅಂತಲೂ ಹೇಳಬಹುದಾ? ಗೂಗಲ್ ಮಾಡಿ ಅನ್ನಬೇಡಿ, ಮಾಡಿ ಸುಸ್ತಾಗಿಯೇ ಇಲ್ಲಿ ಕೇಳುತ್ತಿರುವುದು.

ಲೀತ್_ದಂಡೆ

ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಫುಟ್ಬಾಲಿನಲ್ಲಿ ಸ್ಕಾಟ್ಲೆಂಡ್ ಯಾವತ್ತೋ ಬೇರೆ ದೇಶ. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವೆ ಜಗತ್ತಿನ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆದದ್ದು 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ, 0-0. ಮರು ವರ್ಷವೇ ಇವರದ್ದೇ ಅಸೋಸಿಯೇಷನ್ ಆಯಿತು. ಲೀಗ್ ಬೇರೆ, ಕಪ್ ಬೇರೆ, ಫಿಫಾದಲ್ಲಿ ಸೀಟು ಬೇರೆ. ವಿಶ್ವಸಂಸ್ಥೆಯಲ್ಲಿ ಇಲ್ಲದ ಬಾವುಟ ಇವರ ರಾಷ್ಟ್ರೀಯ ಮೈದಾನ ಹ್ಯಾಂಪ್ಡನ್ ಪಾರ್ಕ್‌ನಲ್ಲಿ ಹಾರುತ್ತದೆ. ಹಾಗಿದ್ದ ಮೇಲೆ "ನಾವು ಒಂದು ದೇಶವಾ?" ಅನ್ನುವ ಪ್ರಶ್ನೆ ಗ್ಯಾಲರಿಯಲ್ಲಿ ಏಳದೆ ಇನ್ನೆಲ್ಲಿ ಏಳಬೇಕು ಹೇಳಿ.

ಇದರ ಇನ್ನೊಂದು ಮುಖವೂ ಇದೆ. ಜಿಮ್ ಸಿಲಾರ್ಸ್ ಅಂತ, ಸ್ವಾತಂತ್ರ್ಯ ಕೇಳುವ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯ ನಾಯಕ, 1988ರ ಉಪಚುನಾವಣೆಯಲ್ಲಿ ಗೋವನ್ ಕ್ಷೇತ್ರ ಗೆದ್ದು 1992ರಲ್ಲಿ ಸೋತರು. ಸೋತ ಸಿಟ್ಟಿನಲ್ಲಿ ತಮ್ಮ ಜನರನ್ನೇ "ತೊಂಬತ್ತು ನಿಮಿಷದ ದೇಶಭಕ್ತರು" ಅಂದುಬಿಟ್ಟರು. ಪಂದ್ಯ ನಡೆಯುವಷ್ಟು ಹೊತ್ತು ಗಂಟಲು ಹರಿಯುವ ಹಾಗೆ ಕೂಗುತ್ತೀರಿ, ಓಟು ಹಾಕುವಾಗ ಎಲ್ಲಿ ಹೋಯಿತು ಅಂತ. ಗೋವನ್ ಅಂದರೆ ಗ್ಲಾಸ್ಗೋದ ದೊಡ್ಡ ಕ್ಲಬ್ ರೇಂಜರ್ಸ್‌ನ ಐಬ್ರಾಕ್ಸ್ ಮೈದಾನ ಇರುವ ಜಾಗ, ಅದೂ ಗಮನಿಸಿ.

ತೆರಿಗೆಯ ಮಾತು ಮೈದಾನಕ್ಕೆ ಬಂದದ್ದೂ ಇವತ್ತು ನಿನ್ನೆಯಲ್ಲ. ಬ್ರಿಟನ್ ಪ್ರಧಾನಿ ಥ್ಯಾಚರ್ ಅವರ ಸರ್ಕಾರ ಪೋಲ್ ಟ್ಯಾಕ್ಸ್ ತಂದಾಗ ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲೇ, 1989ರ ಏಪ್ರಿಲ್‌ನಲ್ಲಿ, ಸ್ಕಾಟ್ಲೆಂಡಿನಲ್ಲಿ ಜಾರಿ ಮಾಡಿತು. ಬಡವ ಬಲ್ಲಿದ ಅನ್ನದೆ ತಲೆಗಿಷ್ಟು ಅಂತ ಕಟ್ಟಬೇಕಿದ್ದ ತೆರಿಗೆ. ಅದು ಬರುತ್ತದೆ ಅಂತ ಗೊತ್ತಿದ್ದ 1988ರಲ್ಲಿ ಸೆಲ್ಟಿಕ್ ಮತ್ತು ಡಂಡೀ ಯುನೈಟೆಡ್ ನಡುವಿನ ಸ್ಕಾಟಿಷ್ ಕಪ್ ಫೈನಲ್‌ಗೆ ಥ್ಯಾಚರ್ ಬಂದು ಕೂತರು. ಎರಡೂ ಕಡೆಯ ಅಭಿಮಾನಿಗಳು ಒಟ್ಟಿಗೆ ರೆಡ್ ಕಾರ್ಡ್ ಎತ್ತಿ ತೋರಿಸಿದರು. ಆವತ್ತು ಸೆಲ್ಟಿಕ್ 2-1ರಿಂದ ಗೆದ್ದದ್ದು ಅನೇಕರಿಗೆ ಮರೆತಿರಬಹುದು, ಆ ಕಾರ್ಡುಗಳು ಮಾತ್ರ ಮರೆತಿಲ್ಲ.

ಲೆಕ್ಕದ_ಮೇಷ್ಟ್ರು

ತೆರಿಗೆ ಭಾಗ ನನಗೆ ಬಿಡಿ, ಕೆಲಸವೇ ಸಂಬಳದ ಲೆಕ್ಕ (ಪೇರೋಲ್).

1997ರ ಸೆಪ್ಟೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಜನರಿಗೆ ಎರಡು ಪ್ರಶ್ನೆ ಕೇಳಿದರು. ನಿಮ್ಮದೇ ಪಾರ್ಲಿಮೆಂಟ್ ಬೇಕಾ? 74.3% ಹೌದು. ಅದಕ್ಕೆ ತೆರಿಗೆ ಏರಿಳಿಸುವ ಅಧಿಕಾರ ಬೇಕಾ? 63.5% ಹೌದು. ನೋಡಿ, ಇಲ್ಲೇ ಹತ್ತು ಹನ್ನೊಂದು ಶೇಕಡಾ ಜನ ಜಾರಿಕೊಂಡರು! ಮನೆ ನಮ್ಮದಾಗಲಿ, ದುಡ್ಡು ಕೇಳಬೇಡಿ ಅನ್ನುವವರು ಎಲ್ಲ ಕಡೆ ಇರುತ್ತಾರೆ. ಮೊದಲು ಸಿಕ್ಕ ಅಧಿಕಾರ ಮೂಲ ದರವನ್ನು ಪೌಂಡಿಗೆ 3 ಪೆನ್ಸ್ ಹೆಚ್ಚು ಕಡಿಮೆ ಮಾಡುವಷ್ಟೇ, ಅದನ್ನು ಯಾವ ಸರ್ಕಾರವೂ ಒಮ್ಮೆಯೂ ಬಳಸಲಿಲ್ಲ. 2016ರ ಕಾಯ್ದೆ ಬಂದ ಮೇಲೆ, 2017ರ ಏಪ್ರಿಲ್‌ನಿಂದ, ಸಂಬಳದ ಮೇಲಿನ ದರ ಮತ್ತು ಹಂತಗಳನ್ನು ಪೂರ್ತಿ ಎಡಿನ್‌ಬರೊದಲ್ಲೇ ತೀರ್ಮಾನಿಸುತ್ತಾರೆ. ಆದರೆ ಎಷ್ಟರವರೆಗೆ ತೆರಿಗೆ ಇಲ್ಲ ಅನ್ನುವ ಮಿತಿ (12,570 ಪೌಂಡ್), ನ್ಯಾಷನಲ್ ಇನ್ಶೂರೆನ್ಸ್ (ಪಿಂಚಣಿ ಇತ್ಯಾದಿಗೆ ಅಂತ ಸಂಬಳದಲ್ಲಿ ಹಿಡಿಯುವ ದುಡ್ಡು), ವ್ಯಾಟ್, ಕಾರ್ಪೊರೇಷನ್ ಟ್ಯಾಕ್ಸ್ ಇವೆಲ್ಲ ಲಂಡನ್ ಕೈಯಲ್ಲೇ ಇವೆ. ಸ್ಟೇಡಿಯಂ ಗೇಟಲ್ಲಿ ಕೊಡುವ ಟಿಕೆಟ್ ದುಡ್ಡಿನ ವ್ಯಾಟ್ ಲಂಡನ್ನಿಗೆ, ಆಟಗಾರನ ಸಂಬಳದ ಆದಾಯ ತೆರಿಗೆ ಎಡಿನ್‌ಬರೊಗೆ. ಎರಡನ್ನೂ ವಸೂಲಿ ಮಾಡುವುದು ಒಂದೇ ಇಲಾಖೆ.

ನಿಮ್ಮ ಪೇಸ್ಲಿಪ್ ತೆಗೆದು ಟ್ಯಾಕ್ಸ್ ಕೋಡ್ ನೋಡಿ. 1257ಎಲ್ ಮುಂದೆ ಎಸ್ ಅಂತ ಒಂದಕ್ಷರ ಇದೆಯಲ್ಲ, ಸ್ಕಾಟ್ಲೆಂಡಿನ ದರ ಅಂತ ಅದರರ್ಥ, ಇಡೀ ಜಗಳ ಇರುವುದು ಆ ಎಸ್‌ನಲ್ಲಿ. 2024-25ರ ಲೆಕ್ಕ ತೆಗೆದುಕೊಳ್ಳಿ. ಇಂಗ್ಲೆಂಡಿನಲ್ಲಿ 50,270 ಪೌಂಡ್ ದಾಟಿದ ಮೇಲೆ 40%. ಇಲ್ಲಿ 43,662 ದಾಟುತ್ತಿದ್ದಂತೆ 42%, ಅದರ ಮೇಲೆ 8% ನ್ಯಾಷನಲ್ ಇನ್ಶೂರೆನ್ಸ್ ಬೇರೆ. ಅಂದರೆ ಆ ನಡುವಿನ ಪ್ರತಿ ಪೌಂಡಿನಲ್ಲಿ ಅರ್ಧ ಹೋಯಿತು! 50,000 ಸಂಬಳದವನು ಇಂಗ್ಲೆಂಡಿನವನಿಗಿಂತ ಸುಮಾರು 1,540 ಪೌಂಡ್ ಜಾಸ್ತಿ ಕಟ್ಟುತ್ತಾನೆ. 20,000 ಸಂಬಳದವನಿಗೆ ಇಲ್ಲೇ 23 ಪೌಂಡ್ ಉಳಿಯುತ್ತದೆ. ಕಡಿಮೆ ಸಂಬಳದವರಿಗೆ ಲಾಭ ಅಂತ ಸರ್ಕಾರ ಭಾಷಣ ಹೊಡೆಯುವುದು ಈ 23 ಪೌಂಡ್ ಹಿಡಿದುಕೊಂಡೇ, ನಗು ಬರುತ್ತದೆ. ಆದರೆ ನಿಮ್ಮ ನೋ ಗೆಳೆಯ ಹೇಳಿದ್ದೂ ನಿಜ. ಇಲ್ಲಿನ ಮಕ್ಕಳು ಇಲ್ಲೇ ಯೂನಿವರ್ಸಿಟಿ ಓದಿದರೆ ಫೀಸಿಲ್ಲ, 2011ರಿಂದ ಚೀಟಿ ತೋರಿಸಿದರೆ ಔಷಧಿ ಬಿಟ್ಟಿ. ಹಾಗಾಗಿ ಎಸ್ ಅಕ್ಷರದ ಸಿಟ್ಟು ಸ್ವಾತಂತ್ರ್ಯದ ಪರವೋ ವಿರುದ್ಧವೋ ಅಂತ ಸಂಬಳ, ಮಕ್ಕಳು, ವಯಸ್ಸು ಕೇಳದೆ ಹೇಳೋಕಾಗಲ್ಲ.

(ನಮ್ಮ ಕಡೆಯ ತೆರಿಗೆ ಪಾಲಿನ ಜಗಳವನ್ನು ದಯವಿಟ್ಟು ಇಲ್ಲಿಗೆ ಎಳೆದು ತರಬೇಡಿ. ಹೋದ ಸಲ ಹಾಗೇ ಆಗಿ ಮೂಲ ಪ್ರಶ್ನೆ ಕೇಳಿದವರೇ ಓಡಿಹೋದರು.)

ಆಫ್‌ಸೈಡ್_ಅಣ್ಣ

ಎಲ್ಲ ಸರಿ ಮೇಷ್ಟ್ರೇ, ಆದ್ರೆ ಹೊಸಬರು ಕೇಳಿದ ಹಾಗೆ ಕ್ಲಬ್ ನೋಡಿಯೂ ರಾಜಕೀಯ ಹೇಳೋಕಾಗಲ್ಲ ಅಂದ್ರೆ ಅತಿಯಾಗುತ್ತೆ. ರೇಂಜರ್ಸ್ ಗ್ಯಾಲರಿಯಲ್ಲಿ ಬ್ರಿಟನ್ ಬಾವುಟ ಯೂನಿಯನ್ ಜ್ಯಾಕ್, ಸೆಲ್ಟಿಕ್ ಗ್ಯಾಲರಿಯಲ್ಲಿ ಐರ್ಲೆಂಡ್ ಬಾವುಟ. ಗ್ಯಾಲರಿಯಲ್ಲಿ ದ್ವೇಷದ ಹಾಡು ಹಾಡುವವರ ಮೇಲೆ ಕೇಸು ಹಾಕೋಕೆ ಅಂತಲೇ 2012ರಲ್ಲಿ ಒಂದು ಕಾಯ್ದೆ ತಂದು, ಅದು ಕೆಲಸಕ್ಕೆ ಬರದೆ 2018ರಲ್ಲಿ ರದ್ದು ಮಾಡಿದರು. ಇಷ್ಟೆಲ್ಲ ಇದ್ದೂ ಸಂಬಂಧ ಇಲ್ಲ ಅಂದ್ರೆ ಹೇಗೆ?

ಇನ್ನು ತೆರಿಗೆ ಅಂತ ಬಾಯಿ ಬಿಡೋ ಮೊದಲು ಕ್ಲಬ್‌ಗಳು ತಮ್ಮ ತೆರಿಗೆ ಕಟ್ಟಲಿ. 2012ರಲ್ಲಿ ರೇಂಜರ್ಸ್ ನಡೆಸುತ್ತಿದ್ದ ಕಂಪನಿ ತೆರಿಗೆ ಬಾಕಿಯಿಂದಲೇ ದಿವಾಳಿ ಎದ್ದು, ತಂಡ ನಾಲ್ಕನೇ ದರ್ಜೆಯಿಂದ ಆಡಿಕೊಂಡು ಮೇಲೆ ಬರಬೇಕಾಯಿತು. ಆಟಗಾರರಿಗೆ ಟ್ರಸ್ಟ್ ಮೂಲಕ ಸಾಲ ಅಂತ ಕೊಟ್ಟ ದುಡ್ಡು ಸಂಬಳವೇ, ತೆರಿಗೆ ಕಟ್ಟಲೇಬೇಕಿತ್ತು ಅಂತ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿತು.

ಲೀತ್_ದಂಡೆ

ಅಣ್ಣಾ, ಬಾವುಟ ನೋಡಿ ಓಟು ಎಣಿಸೋಕೆ ಹೋದರೆ ಲೆಕ್ಕ ತಪ್ಪುತ್ತದೆ. 2014ರ ಸೆಪ್ಟೆಂಬರ್ 18ರ ಫಲಿತಾಂಶ: ನೋ 55.3%, ಯೆಸ್ 44.7%, ಓಟು ಹಾಕಿದವರು 84.6%, ಹದಿನಾರು ತುಂಬಿದವರಿಗೂ ಓಟು ಇತ್ತು. ರೇಂಜರ್ಸ್, ಸೆಲ್ಟಿಕ್ ಎರಡೂ ಇರುವ ಗ್ಲಾಸ್ಗೋದಲ್ಲಿ ಯೆಸ್ 53.5%. ಡಂಡೀಯಲ್ಲಿ 57% ದಾಟಿತು. ಎಡಿನ್‌ಬರೊದಲ್ಲಿ ನೋ 61%, ಇಲ್ಲಿ ಹಾರ್ಟ್ಸ್‌ನವರೂ ಇದ್ದಾರೆ, ಐರಿಷ್ ವಲಸಿಗರು ಕಟ್ಟಿದ ಹಿಬ್ಸ್‌ನವರೂ ಇದ್ದಾರೆ. ಕ್ಲಬ್‌ಗಿಂತ ಊರು, ಊರಿಗಿಂತ ಜೇಬು. ಬಾವುಟ ಕೂಗಿಗೆ ಕಾರಣ ಆಗುತ್ತದೆ, ಓಟಿಗೆ ಅಷ್ಟಾಗಿ ಅಲ್ಲ, ಸಿಲಾರ್ಸ್ ಬೈದದ್ದೂ ಅದನ್ನೇ ಅಲ್ವಾ?

ತೆರಿಗೆ ಬಾಕಿ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ನಾನೂ ಇದ್ದೇನೆ. ಹಾರ್ಟ್ಸ್ ಕೂಡ ಸಾಚಾ ಅಲ್ಲ, 2013ರಲ್ಲಿ ಸಾಲದಲ್ಲಿ ಮುಳುಗಿ 15 ಪಾಯಿಂಟ್ ಕಳೆದುಕೊಂಡು ಮುಂದಿನ ವರ್ಷ ಕೆಳಗಿಳಿಯಿತು. ಆಮೇಲೆ ಅಭಿಮಾನಿಗಳೇ ತಿಂಗಳು ತಿಂಗಳು ದುಡ್ಡು ಹಾಕಿ 2021ರಲ್ಲಿ ಕ್ಲಬ್ ತಮ್ಮದಾಗಿಸಿಕೊಂಡರು. ಆ ದುಡ್ಡಿಗೆ ಒಬ್ಬರೂ ಗೊಣಗಿದ್ದು ನಾನು ಕೇಳಿಲ್ಲ. ಸಂಬಳದಲ್ಲಿ ಅದಕ್ಕಿಂತ ಕಡಿಮೆ ಹಿಡಿದರೂ ಗೊಣಗುತ್ತಾರೆ.

ಕ್ಯಾಂಪ್‌ನೌ_ಕಿಟ್ಟಿ

ಸ್ಪೇನಿನ ಬಾರ್ಸಾ (ಬಾರ್ಸಲೋನ ಕ್ಲಬ್) ಅಭಿಮಾನಿಯಾಗಿ ಸುಮ್ನೆ ಒಂದು ಮಾತು ಸೇರಿಸುತ್ತೇನೆ. ಬಾರ್ಸಲೋನ ಇರುವ ಕ್ಯಾಟಲೋನಿಯಾದಲ್ಲಿ ಮೊದಲು ತೆರಿಗೆ, ಆಮೇಲೆ ಸ್ವಾತಂತ್ರ್ಯ. ಸ್ಪೇನಿನದ್ದೇ ಬಾಸ್ಕ್ ಪ್ರಾಂತ್ಯದವರು ತಮ್ಮ ತೆರಿಗೆ ತಾವೇ ವಸೂಲಿ ಮಾಡಿ ಮ್ಯಾಡ್ರಿಡ್‌ಗೆ ಇಷ್ಟು ಅಂತ ಕೊಡುತ್ತಾರೆ. ನಮಗೂ ಅದೇ ಕೊಡಿ ಅಂತ 2012ರಲ್ಲಿ ಕ್ಯಾಟಲೋನಿಯಾದ ಅಧ್ಯಕ್ಷ ಆರ್ಟುರ್ ಮಾಸ್ ಕೇಳಿದರು, ಪ್ರಧಾನಿ ರಖೋಯ್ ಆಗಲ್ಲ ಅಂದರು. ಅಲ್ಲಿಂದ ಕಾವು ಏರುತ್ತಲೇ ಹೋಯಿತು. ಸ್ಪೇನ್ ರಾಜನ ಸೈನ್ಯಕ್ಕೆ ಬಾರ್ಸಲೋನ ಬಿದ್ದದ್ದು 1714ರಲ್ಲಿ ಅಂತ ಪಂದ್ಯದ 17ನೇ ನಿಮಿಷ 14ನೇ ಸೆಕೆಂಡಿಗೆ ಸರಿಯಾಗಿ ಬಾರ್ಸಾ ಮೈದಾನ ಕ್ಯಾಂಪ್ ನೌ ಪೂರ್ತಿ ಸ್ವಾತಂತ್ರ್ಯ ಅಂತ ಕೂಗುತ್ತಿತ್ತು. 2017ರ ಅಕ್ಟೋಬರ್ 1ರಂದು ಹೊರಗೆ ಜನಮತದ ಗಲಾಟೆ, ಒಳಗೆ ಖಾಲಿ ಸ್ಟೇಡಿಯಂನಲ್ಲಿ ಲಾಸ್ ಪಾಲ್ಮಾಸ್ ಎದುರು ಬಾರ್ಸಾಗೆ 3-0 ಗೆಲುವು.

ಆದರೆ ಸ್ಕಾಟ್ಲೆಂಡಿಗಿಲ್ಲದ ಒಂದು ಭಯ ಅಲ್ಲಿದೆ. ಬೇರೆಯಾದರೆ ಯಾವ ಲೀಗ್? ಸ್ಪೇನಿನ ಕಾನೂನಲ್ಲಿ ಹೊರಗಿನವರಿಗೆ ಜಾಗ ಅಂದ್ರೆ ಆಂಡೊರಾಗೆ ಮಾತ್ರ. ಎಲ್ ಕ್ಲಾಸಿಕೊ (ರಿಯಲ್ ಮ್ಯಾಡ್ರಿಡ್ ಎದುರಿನ ಪಂದ್ಯ) ಇಲ್ಲದ ಬಾರ್ಸಾ ಯಾರಿಗೆ ಬೇಕು ಹೇಳಿ.

ಹೊಸಬ_ಎಡಿನ್‌ಬರೊ

ಎಲ್ಲರಿಗೂ ಥ್ಯಾಂಕ್ಸ್, ಈಗ ಮುಂದಿನ ಹಾಫ್ ಟೈಮ್‌ಗೆ ನಾನು ರೆಡಿ. ಒಂದೇ ಅನುಮಾನ. ಸ್ಕಾಟ್ಲೆಂಡ್ ನಾಳೆ ನಿಜವಾಗಲೂ ಬೇರೆಯಾದರೆ ಇಲ್ಲಿನ ಕ್ಲಬ್‌ಗಳಿಗೆ ಏನೂ ಬದಲಾಗಲ್ಲವಾ?

ಲೆಕ್ಕದ_ಮೇಷ್ಟ್ರು

ನಾಳೆ ಅಂತೂ ಆಗಲ್ಲ ಬಿಡಿ. ಲಂಡನ್ ಒಪ್ಪದೆ ಇನ್ನೊಂದು ಜನಮತ ಕರೆಯೋಕೆ ಎಡಿನ್‌ಬರೊಗೆ ಅಧಿಕಾರ ಇಲ್ಲ ಅಂತ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ.

ಆದರೆ ಅಂದುಕೊಳ್ಳೋಣ. ಲೀಗ್ ಹಾಗೇ ಇರುತ್ತದೆ, ಫಿಫಾ ಸೀಟು ಹಾಗೇ. ಬದಲಾಗುವುದು ದುಡ್ಡು. ಸ್ಕಾಟ್ಲೆಂಡ್ ಸರ್ಕಾರವೇ ಪ್ರತಿ ವರ್ಷ ಹೊರತರುವ ಲೆಕ್ಕದಲ್ಲಿ 2023-24ರಲ್ಲಿ ಉತ್ತರ ಸಮುದ್ರದ ಎಣ್ಣೆ ಸೇರಿಸಿಕೊಂಡೂ ಕೊರತೆ 22.7 ಬಿಲಿಯನ್ ಪೌಂಡ್. ಇದು ನಾವು ಬೇರೆಯಾದರೆ ಉಪವಾಸ ಅನ್ನುವುದಕ್ಕೆ ಪುರಾವೆ ಅಂತ ನೋನವರು, ಇದು ಜೊತೆಗಿದ್ದುಕೊಂಡೇ ಆದ ಪರಿಸ್ಥಿತಿ ಅಂತ ಯೆಸ್‌ನವರು. ನನಗೆ ಕೇಳಿದರೆ ಎಣ್ಣೆಯನ್ನು ನಂಬಿ ಬಜೆಟ್ ಬರೆಯಬಾರದು. 2014ರಲ್ಲಿ ಇಲ್ಲಿನ ಸರ್ಕಾರದವರು ಬ್ಯಾರಲ್‌ಗೆ 110 ಡಾಲರ್ ಅಂತ ಲೆಕ್ಕ ಹಾಕಿದ್ದರು, ಮರು ಜನವರಿಗೆ 50ರ ಕೆಳಗೆ ಬಂತು. ಹೊಸ ಸರ್ಕಾರ ತೆರಿಗೆ ಏರಿಸಿದರೆ ಕ್ಲಬ್‌ಗಳು ಆಟಗಾರರನ್ನು ಕರೆತರೋದು ಇನ್ನೂ ಕಷ್ಟ. ಈಗಲೇ ಮೇಲಿನ ದರ 48%, ಇಂಗ್ಲೆಂಡಿನಲ್ಲಿ 45%. ವಿದೇಶಿ ಆಟಗಾರನ ವೀಸಾ ಮಾತ್ರ ಆಗ ಇವರ ಕೈಗೇ ಬರುತ್ತದೆ.

ಲೀತ್_ದಂಡೆ

ಆದರೆ ಒಂದು ಕ್ಲಬ್‌ಗೆ ಎಲ್ಲ ಬದಲಾಗುತ್ತದೆ. ಬರ್ವಿಕ್ ರೇಂಜರ್ಸ್! ಬರ್ವಿಕ್ ಇರುವುದು ಇಂಗ್ಲೆಂಡಿನಲ್ಲಿ, ಆಡುವುದು ಸ್ಕಾಟ್ಲೆಂಡಿನಲ್ಲಿ. ಊರು ಎರಡೂ ದೇಶಗಳ ನಡುವೆ ಎಷ್ಟೋ ಸಲ ಕೈ ಬದಲಾಗಿ 1482ರಿಂದ ಇಂಗ್ಲೆಂಡಿನದ್ದಾಯಿತು, ಕ್ಲಬ್ ಮಾತ್ರ ಉತ್ತರಕ್ಕೇ ಮುಖ ಮಾಡಿತು. 1967ರ ಜನವರಿಯಲ್ಲಿ ಸ್ಕಾಟಿಷ್ ಕಪ್‌ನಲ್ಲಿ ದೊಡ್ಡ ರೇಂಜರ್ಸ್‌ನ್ನೇ 1-0ರಿಂದ ಹೊಡೆದು ಹಾಕಿದ್ದರು. ಅವತ್ತು ಬರ್ವಿಕ್ ಗೋಲು ಕಾಯುತ್ತಿದ್ದ ಜಾಕ್ ವಾಲೇಸ್ ಮುಂದೆ ಅದೇ ರೇಂಜರ್ಸ್‌ಗೆ ಮ್ಯಾನೇಜರ್ ಆದರು. 2019ರಲ್ಲಿ ಬರ್ವಿಕ್ ಕೋವ್ ರೇಂಜರ್ಸ್ ಎದುರು ಎರಡು ಪಂದ್ಯ ಸೇರಿ 7-0 ಸೋತು ಐದನೇ ದರ್ಜೆಯ ಲೋಲ್ಯಾಂಡ್ ಲೀಗ್‌ಗೆ ಇಳಿಯಬೇಕಾಯಿತು, ಪಾಪ.

ಇಲ್ಲಿ ಆ ಎಸ್ ಅಕ್ಷರ ನೋಡಿ ಹೇಗೆ ಆಟ ಆಡುತ್ತದೆ. ನಿಯಮ ಕೇಳುವುದು ಎಲ್ಲಿ ಕೆಲಸ ಮಾಡುತ್ತೀರಿ ಅಂತ ಅಲ್ಲ, ಮನೆ ಎಲ್ಲಿ ಅಂತ. ಅಕ್ಕಪಕ್ಕ ನಿಂತು ಡಿಫೆಂಡ್ ಮಾಡುವ ಇಬ್ಬರಲ್ಲಿ ಗಡಿಯಾಚೆ ಐಮೌತ್‌ನಲ್ಲಿ ಮನೆ ಇರುವವನ ಕೋಡಿಗೆ ಎಸ್ ಬೀಳುತ್ತದೆ, ಬರ್ವಿಕ್‌ನಲ್ಲೇ ಇರುವವನಿಗೆ ಇಲ್ಲ. ಇದು ಇವತ್ತಿನ ಕಥೆ. ಗಡಿ ಅಂತರರಾಷ್ಟ್ರೀಯ ಆದರೆ ಕ್ಲಬ್ ತನ್ನ ಪ್ರತಿ ಹೊರಗಿನ ಪಂದ್ಯಕ್ಕೂ ವಿದೇಶಕ್ಕೆ ಹೋಗಬೇಕು.

ಆಫ್‌ಸೈಡ್_ಅಣ್ಣ

ಈ ಕ್ಲಬ್ ನೋಡಲೇಬೇಕಲ್ಲ! ಎಡಿನ್‌ಬರೊದಿಂದ ಹೇಗೆ ಹೋಗೋದು?

ಲೀತ್_ದಂಡೆ

ವೇವರ್ಲಿ ಸ್ಟೇಷನ್ನಿನಿಂದ ರೈಲು, ಮುಕ್ಕಾಲು ಗಂಟೆ. ಸ್ಟೇಷನ್ ಟ್ವೀಡ್ ನದಿಯ ಈಚೆ, ಕ್ಲಬ್‌ನ ಮೈದಾನ ಶೀಲ್‌ಫೀಲ್ಡ್ ಪಾರ್ಕ್ ಆಚೆ ಟ್ವೀಡ್‌ಮೌತ್‌ನಲ್ಲಿ, ಸೇತುವೆ ದಾಟಿ ನಡೆಯಬೇಕು. ಜಾಕೆಟ್ ಮರೆಯಬೇಡಿ, ಗಾಳಿ ಸಿಕ್ಕಾಪಟ್ಟೆ. ಹೊಸಬರೇ, ನೀವೂ ಬನ್ನಿ, ಬರುವಾಗ ಆ ಇಬ್ಬರನ್ನೂ ಕರೆದುಕೊಂಡು ಬನ್ನಿ.